ಅತ್ತೆ ಮೇಲಿನ ಕೋಪ ಮಕ್ಕಳ ಮೇಲೇಕೆ?

ಪರೀಕ್ಷೆ ಹತ್ತಿರ ಬಂದಿದ್ದ ದಿನಗಳು. ನಮ್ಮ ಕಚೇರಿಯಲ್ಲಿ ಲೆಕ್ಕ ತಪಾಸಣೆ ನಡೆದಿತ್ತು. ಒಂದು ಕಡತ ಸಿಗದೆ ಎಲ್ಲರೆದುರು ಮಾತು ಕೇಳಿಸಿಕೊಂಡು, ಕಿಕ್ಕಿರಿದ ಬಸ್ಸಿನಲ್ಲಿ ಒಂದು ಗಂಟೆ ನಿಂತು ಮನೆಗೆ ಬಂದೆ. ಎಸ್ಸೆಸ್ಸೆಲ್ಸಿ ಓದುತ್ತಿದ್ದ ಮಗಳು ಟೀವಿ ಮುಂದೆ ಕುಳಿತಿದ್ದಳು. ‘ಪುಸ್ತಕ ಬಿಟ್ಟು ಇದೇನು ನಾಟಕ?’ ಎಂದು ಕೂಗಾಡಿದೆ. ಅವಳು ಮಾತಾಡದೆ ಎದ್ದು ಒಳಗೆ ಹೋದಳು.

ನಾಲ್ಕು ದಿನಗಳ ನಂತರ ಹಾಸಿಗೆ ಕೊಡವುವಾಗ ಅವಳ ಅಮ್ಮನಿಗೆ ಗಣಿತದ ಉತ್ತರ ಪತ್ರಿಕೆ ಸಿಕ್ಕಿತು. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ 80ಕ್ಕೆ 31. ಯಾಕೆ ಬಚ್ಚಿಟ್ಟೆ ಎಂದು ಕೇಳಿದರೆ, ‘ಅವತ್ತೇ ತೋರಿಸೋಣ ಅಂತ ಕಾಯ್ತಾ ಕೂತಿದ್ದೆ. ನೀವು ಬರುವಾಗಲೇ ಕೋಪದಲ್ಲಿದ್ರಿ’ ಎಂದಳು.

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎಂಬ ಗಾದೆ ಅವತ್ತು ನಮ್ಮ ಮನೆಯಲ್ಲೇ ನಿಜವಾಗಿತ್ತು.

ಒತ್ತಡ ಎಂದರೇನು?

‘ಟೆನ್ಷನ್’ ಎಂಬ ಪದ ಈಗ ಕನ್ನಡದ್ದೇ ಆಗಿಹೋಗಿದೆ. ಕಚೇರಿಯಲ್ಲಿ ಅಪ್ಪನಿಗೆ ಟೆನ್ಷನ್, ಅಡುಗೆ ಮನೆ ಮತ್ತು ಕೆಲಸ ಎರಡನ್ನೂ ತೂಗಿಸುವ ಅಮ್ಮನಿಗೆ ಟೆನ್ಷನ್, ಟ್ಯೂಷನ್ನಿಗೆ ಓಡುವ ಮಕ್ಕಳಿಗೂ ಟೆನ್ಷನ್. ವಿಯೆನ್ನಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ವೈದ್ಯ ವಿಜ್ಞಾನಿ ಹ್ಯಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪುಟ್ಟ ಲೇಖನ ಬರೆದರು. ಇಲಿಗಳಿಗೆ ಚಳಿ, ಗಾಯ, ಅತಿ ದಣಿವು ಹೀಗೆ ಯಾವ ಕಷ್ಟ ಕೊಟ್ಟರೂ ಅವುಗಳ ದೇಹ ಹೆಚ್ಚುಕಡಿಮೆ ಒಂದೇ ರೀತಿ ಸ್ಪಂದಿಸುತ್ತದೆ ಎಂಬುದನ್ನು ಅವರು ಕಂಡಿದ್ದರು. ಒತ್ತಡದ ಅಧ್ಯಯನಕ್ಕೆ ಅದು ಬುನಾದಿಯಾಯಿತು.

ಹುಲಿ ಎದುರಾದಾಗ ಓಡಲು ಇಲ್ಲವೇ ಹೋರಾಡಲು ನಿಸರ್ಗ ನಮಗೆ ಕೊಟ್ಟ ವ್ಯವಸ್ಥೆ ಇದು. ಅಡ್ರಿನಲಿನ್ ಸ್ರವಿಸುತ್ತದೆ, ಎದೆಬಡಿತ ಏರುತ್ತದೆ, ಸ್ನಾಯುಗಳು ಬಿಗಿಯುತ್ತವೆ. ಹುಲಿ ಹೋದ ಮೇಲೆ ಎಲ್ಲವೂ ಇಳಿಯಬೇಕು. ಆದರೆ ಮೇಲಧಿಕಾರಿಯ ಮಾತು, ಸಾಲದ ಕಂತು, ಪಕ್ಕದ ಮನೆಯ ಹುಡುಗನ ಅಂಕಗಳು ಬೆನ್ನು ಬಿಡುವುದಿಲ್ಲ. ದೇಹ ದಿನವಿಡೀ ಹುಲಿಯ ಎದುರೇ ನಿಂತಿರುತ್ತದೆ. ತಲೆನೋವು, ಹೊಟ್ಟೆಯ ತೊಂದರೆ, ನಿದ್ರಾಹೀನತೆ, ಸಿಡುಕು ಹೀಗೆ ಶುರುವಾಗುತ್ತವೆ.

ಸ್ವಲ್ಪ ಇದ್ದರೆ ಒಳ್ಳೆಯದೇ

ಹಾಗೆಂದು ಒತ್ತಡವೇ ಬೇಡವೆಂದಲ್ಲ. ಯರ್ಕೀಸ್ ಮತ್ತು ಡಾಡ್ಸನ್ ಎಂಬ ಅಮೆರಿಕದ ಇಬ್ಬರು ವಿಜ್ಞಾನಿಗಳು 1908ರಲ್ಲಿ ಇಲಿಗಳಿಗೆ ಲಘು ವಿದ್ಯುತ್ ಆಘಾತ ಕೊಟ್ಟು ಪಾಠ ಕಲಿಸಿದರು. ಸುಲಭದ ಪಾಠಕ್ಕೆ ಹೆಚ್ಚು ಆಘಾತ ನೆರವಾಯಿತು. ಕಷ್ಟದ ಪಾಠದಲ್ಲಿ ಮಾತ್ರ ಆಘಾತ ಮಿತಿ ಮೀರಿದೊಡನೆ ಕಲಿಕೆ ಕುಸಿಯಿತು. ಮಕ್ಕಳು ಇಲಿಗಳಲ್ಲ, ನಿಜ. ಆದರೆ ಗಣಿತ ಕಷ್ಟವೆನ್ನುವ ಮಗುವನ್ನೇ ನಾವು ಹೆಚ್ಚು ಹೆದರಿಸುತ್ತೇವಲ್ಲ, ಅದನ್ನು ಯೋಚಿಸಬೇಕು.

ಪಾಲಕರಿಗೆ

ಮನೆಯೊಳಗೆ ಕಾಲಿಡುವ ಮುನ್ನ ಐದು ನಿಮಿಷ ಹೊರಗೆ ನಿಲ್ಲಿ. ಉಸಿರನ್ನು ನಿಧಾನವಾಗಿ ಎಳೆದುಕೊಂಡು, ಅದಕ್ಕಿಂತ ನಿಧಾನವಾಗಿ ಬಿಡಿ. ಹತ್ತು ಬಾರಿ ಹೀಗೆ ಮಾಡಿದರೆ ಎದೆಬಡಿತ ಇಳಿಯುವುದು ನಿಮಗೇ ಗೊತ್ತಾಗುತ್ತದೆ. ‘ಇವತ್ತು ಆಫೀಸಿನಲ್ಲಿ ಕಷ್ಟವಾಯಿತು, ಸ್ವಲ್ಪ ಸುಮ್ಮನಿರುತ್ತೇನೆ’ ಎಂದು ಹೇಳಲು ನಾಚಿಕೆ ಬೇಡ. ಕೋಪ ತನ್ನ ಮೇಲಲ್ಲ ಎಂದು ಮಗುವಿಗೆ ತಿಳಿದರೆ ಸಾಕು. ಮೊದಲ ಪ್ರಶ್ನೆ ‘ಎಷ್ಟು ಬಂತು?’ ಎಂದಾಗದಿರಲಿ, ‘ಊಟ ಮಾಡಿದೆಯಾ?’ ಎಂದಿರಲಿ. ಮನೆಗೆಲಸದ ಭಾರವನ್ನು ಅಮ್ಮನೊಬ್ಬಳ ಹೆಗಲಿಗೇ ಹೊರಿಸಬೇಡಿ.

ವಿದ್ಯಾರ್ಥಿಗಳಿಗೆ

ರಾತ್ರಿಯಿಡೀ ಕಾಫಿ ಕುಡಿದು ಓದಿದ್ದು ಬೆಳಿಗ್ಗೆ ನೆನಪಿಗೆ ಬಾರದಿದ್ದರೆ ಆಶ್ಚರ್ಯವಿಲ್ಲ. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕು. 13ರಿಂದ 18ರ ವಯಸ್ಸಿನವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಅಗತ್ಯ. ಮತ್ತೆ ಮತ್ತೆ ಓದುವ ಬದಲು ಪುಸ್ತಕ ಮುಚ್ಚಿ ನೆನಪಿಸಿಕೊಂಡು ಬರೆಯಿರಿ. ತಿಳಿದದ್ದೆಷ್ಟು, ತಿಳಿಯದ್ದೆಷ್ಟು ಎಂದು ಸ್ಪಷ್ಟವಾದರೆ ಅರ್ಧ ಭಯ ಹೋಗುತ್ತದೆ. ಸಂಜೆ ಅರ್ಧ ಗಂಟೆ ನಡೆಯಿರಿ, ಆಡಿರಿ. ಒಂದು ಪರೀಕ್ಷೆಯಲ್ಲಿ ಎಡವಿದರೆ ಬದುಕು ಮುಗಿಯುವುದಿಲ್ಲ. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿಯೇ ಬಂದಿತ್ತು.

ನೆರವು ಕೇಳಿ

ಎರಡು ವಾರ ಕಳೆದರೂ ನಿದ್ದೆ, ಊಟ ಸೇರದಿದ್ದರೆ, ಆಟ, ಗೆಳೆಯರು ಯಾವುದೂ ಬೇಡವೆನಿಸಿದರೆ ವೈದ್ಯರನ್ನು ಕಾಣಬೇಕು. ಬದುಕೇ ಬೇಡ ಎಂಬ ಮಾತು ಬಾಯಿಗೆ ಬಂದರಂತೂ ಒಂದು ದಿನವೂ ಕಾಯಬಾರದು. ಮನಸ್ಸಿನ ವೈದ್ಯರ ಬಳಿ ಹೋಗುವುದೆಂದರೆ ‘ಹುಚ್ಚು’ ಎಂದಲ್ಲ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ, ಬೆಂಗಳೂರಿನ ನಿಮ್ಹಾನ್ಸ್ ಮಾರ್ಗದರ್ಶನದ ‘ಟೆಲಿ ಮಾನಸ್’ ಸೇವೆಗೆ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು. ದಿನದ 24 ಗಂಟೆಯೂ ಕನ್ನಡದಲ್ಲೇ ಮಾತನಾಡಬಹುದು.

ಚಿತೆಗೂ ಚಿಂತೆಗೂ ಇರುವುದು ಒಂದು ಸೊನ್ನೆಯ ವ್ಯತ್ಯಾಸ ಎನ್ನುತ್ತಾರೆ ಹಿರಿಯರು. ನಾನೀಗ ಮನೆಯ ಮುಂದಿನ ಕಟ್ಟೆಯ ಮೇಲೆ ಐದು ನಿಮಿಷ ಕುಳಿತೇ ಒಳಗೆ ಹೋಗುತ್ತೇನೆ. ಬಾಗಿಲು ತೆರೆಯುವಾಗ ಮಗಳು ಮೊದಲು ನನ್ನ ಮುಖ ನೋಡುವುದನ್ನು ಇನ್ನೂ ಬಿಟ್ಟಿಲ್ಲ. ಆದರೆ ಮೊನ್ನೆ ಬಂದ ಕಡಿಮೆ ಅಂಕಗಳನ್ನು ಹಾಸಿಗೆಯಡಿ ಇಡಲಿಲ್ಲ, ಕಟ್ಟೆಗೇ ತಂದು ತೋರಿಸಿದಳು.