ನಿಮಗಿದು ಗೊತ್ತೆ? ರೋಬೋಟ್ ಮುಟ್ಟಿದ್ದು ಮನಸ್ಸಿಗೂ ತಾಗುತ್ತದೆ!

ಮುಂಬೈನ ಪರೇಲ್‌ನಲ್ಲಿ 1941ರಿಂದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುತ್ತಿರುವ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಈಗ ರೋಬೋಟ್ ನೆರವಿನ ಶಸ್ತ್ರಚಿಕಿತ್ಸೆಯೂ ನಡೆಯುತ್ತದೆ. ಆದರೆ ಆ ಯಂತ್ರ ಮುಟ್ಟುವಾಗ ರೋಗಿಗೆ ಅರಿವಳಿಕೆ ಕೊಟ್ಟಿರುತ್ತಾರೆ. ಸ್ಪರ್ಶ ಅವರಿಗೆ ಏನನ್ನೂ ಹೇಳುವುದಿಲ್ಲ. ಎಚ್ಚರವಿದ್ದವರನ್ನು ಮುಟ್ಟಿದರೆ ಮಾತು ಬೇರೆ. 2011ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಅಮೆರಿಕದ ಜಾರ್ಜಿಯಾ ಟೆಕ್‌ನ ಸಂಶೋಧಕರು ‘ಕೋಡಿ’ ಎಂಬ ರೋಬೋಟ್‌ನಿಂದ 56 ಮಂದಿಯ ಮುಂಗೈ ಸವರಿಸಿದರು. ಸವರಿದ್ದು ಒಂದೇ ರೀತಿ. ‘ಕೈ ಒರೆಸುತ್ತಿದೆ’ ಎಂದುಕೊಂಡವರಿಗೆ ಅದು ಹಿತವಾಯಿತು. ‘ಸಮಾಧಾನ ಮಾಡುತ್ತಿದೆ’ ಎಂದುಕೊಂಡವರಿಗೆ ಅಷ್ಟು ಹಿಡಿಸಲಿಲ್ಲ. ಅಂದರೆ ಸ್ಪರ್ಶದ ಭಾವ ಯಂತ್ರದ ಕೈಯಲ್ಲಷ್ಟೇ ಇಲ್ಲ, ಅದರ ಹಿಂದಿದೆಯೆಂದು ನಾವು ನಂಬುವ ಉದ್ದೇಶದಲ್ಲೂ ಇದೆ.

ಹಾಗಾದರೆ ಚರ್ಮಕ್ಕೆ ಪಾತ್ರವೇ ಇಲ್ಲವೇ? ಖಂಡಿತ ಇದೆ. ರೋಮವಿರುವ ಚರ್ಮದ ಸಿ-ಟ್ಯಾಕ್ಟೈಲ್ ನರತಂತುಗಳು ಸೆಕೆಂಡಿಗೆ 1ರಿಂದ 10 ಸೆಂ.ಮೀ. ವೇಗದ, ಚರ್ಮದಷ್ಟೇ ಬೆಚ್ಚಗಿನ ಮೃದು ಸವರಿಕೆಗೆ ಹೆಚ್ಚು ಸ್ಪಂದಿಸುತ್ತವೆ. ಈ ವೇಗ, ಈ ಬಿಸಿ ಎರಡನ್ನೂ ಯಂತ್ರಕ್ಕೆ ಕಲಿಸಬಹುದು, ಕಾಳಜಿಯನ್ನು ಕಲಿಸಲಾಗದು. ಭಾವವಿಲ್ಲದ ವಸ್ತು ಭಾವ ನಟಿಸುವುದು ರೋಗಿಗೆ ಮಾಡುವ ಮೋಸ ಎಂಬ ಆಕ್ಷೇಪ ಇಲ್ಲಿಂದಲೇ ಹುಟ್ಟುತ್ತದೆ, ಅದು ತೂಕದ ಮಾತು. ಆದರೆ ಅದಕ್ಕೆ ಉತ್ತರ ಯಂತ್ರವನ್ನೇ ದೂರವಿಡುವುದಲ್ಲ. ಮೈ ಒರೆಸಲು, ಮಗ್ಗುಲು ಬದಲಿಸಲು ನೆರವಾಗುವ ರೋಬೋಟ್ ವಾರ್ಡಿಗೆ ಬಂದರೆ ಅದನ್ನು ಆ ಕೆಲಸದ ಹೆಸರಿನಲ್ಲೇ ಪರಿಚಯಿಸಬೇಕು. ಅದರಿಂದ ಉಳಿದ ಸಮಯದಲ್ಲಿ ದಾದಿಯರು, ಮನೆಯವರು ರೋಗಿಯ ಕೈಹಿಡಿದು ಕೂರಲಿ.