ಡಬ್ಬಿಯ ತಾರ್ಲಿ: ರುಚಿಯ ಪರೀಕ್ಷೆ

ಗೋವೆಯ ಕಡಲಿನ ಮೀನು ಅನಮೋಡ ಮತ್ತು ಚೋರ್ಲಾ ಘಾಟುಗಳನ್ನು ಏರಿ ಖಾನಾಪುರ, ಬೆಳಗಾವಿಯ ಪೇಟೆಗಳಿಗೂ ಅಲ್ಲಿಂದ ಬೀಡಿಯಂತಹ ಒಳನಾಡಿನ ಊರುಗಳಿಗೂ ಬರುವಾಗ ಎಲ್ಲಕ್ಕಿಂತ ಬೇಗ ಕೆಡುವವುಗಳಲ್ಲಿ ತಾರ್ಲಿಯೂ ಒಂದು. ಮಂಗಳೂರಿನವರ ಬೂತಾಯಿ, ಕಾಸರಗೋಡಿನವರ ಮತ್ತಿ ಇದೇ; ಸಾರ್ಡಿನೆಲ್ಲಾ ಲಾಂಗಿಸೆಪ್ಸ್ ಎಂಬುದು ಇದರ ಶಾಸ್ತ್ರೀಯ ನಾಮ. ಇದರ ಮೈಯಲ್ಲಿರುವ ಹೇರಳ ಕೊಬ್ಬೇ ಇದರ ರುಚಿಗೂ, ಗಾಳಿ ತಾಗಿದೊಡನೆ ಕಮಟು ಹಿಡಿಯುವುದಕ್ಕೂ ಕಾರಣವಾಗಿರುವುದರಿಂದ, ಕಡಲಿನಿಂದ ದೂರವಿರುವವರಿಗೆ ಡಬ್ಬಿಯ ಮೀನು ತಾಜಾ ಮೀನಿನ ಬಡ ಬದಲಿಯಲ್ಲ, ತನ್ನದೇ ಗುಣದಿಂದ ಅಳೆಯಬೇಕಾದ ಪದಾರ್ಥ.

ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕುದಿಸಿ ಕಾಪಾಡುವ ವಿಧಾನವನ್ನು ಫ್ರಾನ್ಸಿನ ನಿಕೊಲಾ ಅಪ್ಪೇರ್ 1810ರಲ್ಲಿ ಪ್ರಕಟಿಸಿದನು. ಇಂದು ತಲೆ, ಕರುಳು ತೆಗೆದ ಮೀನನ್ನು ಉಪ್ಪುನೀರಿನಲ್ಲಿಟ್ಟು, ಹಬೆಯಲ್ಲಿ ಬೇಯಿಸಿ ನೀರು ಬಸಿದು, ಎಣ್ಣೆ ಅಥವಾ ಟೊಮೆಟೊ ರಸ ತುಂಬಿ ಮುಚ್ಚಿದ ಡಬ್ಬಿಯನ್ನು ಒತ್ತಡದ ಹಬೆಯಲ್ಲಿ ಸುಮಾರು 115ರಿಂದ 121 ಡಿಗ್ರಿ ಸೆಲ್ಸಿಯಸ್ ವರೆಗೆ ಕಾಯಿಸುತ್ತಾರೆ. ಮೀನಿನ ಮುಳ್ಳು ಅಗಿಯುವಷ್ಟು ಮೆತ್ತಗಾಗುವುದು ಈ ಹಂತದಲ್ಲಿ.

ಪರೀಕ್ಷೆ ಡಬ್ಬಿಯ ಹೊರಮೈಯಿಂದಲೇ ಆರಂಭವಾಗುತ್ತದೆ. ಮುಚ್ಚಳ ಉಬ್ಬಿದ್ದರೆ ಅಥವಾ ಅಂಚಿನಲ್ಲಿ ಸೋರಿದ್ದರೆ, ಒಳಗೆ ಸೂಕ್ಷ್ಮಜೀವಿಗಳು ಬೆಳೆದಿರುವ ಸಾಧ್ಯತೆ ಇರುವುದರಿಂದ, ಅದನ್ನು ತೆರೆಯದೆ ಎಸೆಯಬೇಕು. ತೆರೆದೊಡನೆ ಮೊದಲು ವಾಸನೆ ನೋಡಬೇಕು, ಏಕೆಂದರೆ ಕಮಟು ಮೊದಲು ತಿಳಿಯುವುದು ಮೂಗಿಗೆ. ಬಳಿಕ ಮೀನುಗಳು ಒಂದೇ ಅಳತೆಯಲ್ಲಿವೆಯೇ, ಚರ್ಮ ಹೊಳಪು ಉಳಿಸಿಕೊಂಡಿದೆಯೇ, ಹೊಟ್ಟೆ ಒಡೆದಿದೆಯೇ ಎಂದು ಗಮನಿಸಬೇಕು. ಒಡೆದ ಹೊಟ್ಟೆ, ಮೀನು ಡಬ್ಬಿ ಸೇರುವ ಮೊದಲೇ ಹಳಸಲು ತೊಡಗಿತ್ತೆಂಬುದರ ಸುಳಿವಾಗಿರಬಹುದು. ಮಾಂಸ ಬೆರಳಿನಲ್ಲಿ ಒತ್ತಿದರೆ ಎಸಳೆಸಳಾಗಿ ಬಿಡಬೇಕೇ ಹೊರತು ಹಿಟ್ಟಿನಂತೆ ಕಲಸಿಹೋಗಬಾರದು, ನಾರಿನಂತೆ ಗಟ್ಟಿಯಾಗಿಯೂ ಇರಬಾರದು. ಕೊನೆಗೆ ಬರುವ ರುಚಿಯಲ್ಲಿ ಉಪ್ಪು, ಮೀನಿನ ಸಿಹಿ ಮತ್ತು ಎಣ್ಣೆ ಮೂರೂ ಬೇರೆಬೇರೆಯಾಗಿ ತಿಳಿಯಬೇಕು. ಒಂದು ಡಬ್ಬಿಗೂ ಇನ್ನೊಂದಕ್ಕೂ ನಡುವೆ ಉಗುರುಬೆಚ್ಚಗಿನ ನೀರು ಕುಡಿದು ಉಪ್ಪಿಲ್ಲದ ಅನ್ನ ಅಥವಾ ಜೋಳದ ರೊಟ್ಟಿಯ ಚೂರು ತಿಂದರೆ ನಾಲಿಗೆ ತಿಳಿಯಾಗುತ್ತದೆ. ಮಸಾಲೆ ಹಾಕಿದ ಡಬ್ಬಿಗಳನ್ನು ಕಡೆಗೆ ಉಳಿಸುವುದು ಮೇಲು, ಖಾರ ಅನೇಕ ದೋಷಗಳನ್ನು ಮುಚ್ಚಿಬಿಡುತ್ತದೆ. ಕೆಲವೊಮ್ಮೆ ಕಾಣುವ ಗಾಜಿನಂತಹ ಹರಳು ಸ್ಟ್ರುವೈಟ್, ಅಂದರೆ ಮೀನಿನ ಲವಣಗಳೇ ಹರಳುಗಟ್ಟಿದ್ದು. ಬೆಚ್ಚಗಿನ ವಿನೆಗರ್‌ನಲ್ಲಿ ಅದು ಕರಗುತ್ತದೆ, ಗಾಜು ಕರಗುವುದಿಲ್ಲ.

ಆದರೂ ನಾಲಿಗೆಯೊಂದನ್ನೇ ನಂಬಲಾಗದು. ಹಿಡಿದ ಮೀನು ಬಿಸಿಲಿನಲ್ಲಿ ಉಳಿದರೆ ಸೂಕ್ಷ್ಮಜೀವಿಗಳಿಂದ ಹಿಸ್ಟಮೀನ್ ಎಂಬ ಪದಾರ್ಥ ಹುಟ್ಟುತ್ತದೆ; ಹೆಚ್ಚಾದರೆ ಮುಖ ಕೆಂಪೇರಿಸಿ ತುರಿಕೆ, ತಲೆನೋವು ತರುವ ಇದು ಡಬ್ಬಿಯನ್ನು ಕಾಯಿಸಿದರೂ ನಾಶವಾಗದು. ಅಂತರರಾಷ್ಟ್ರೀಯ ಆಹಾರ ಮಾನಕ ಸಂಸ್ಥೆ ಕೋಡೆಕ್ಸ್ ಕೆಟ್ಟ ಮೀನಿನ ಗುರುತಾಗಿ 100 ಗ್ರಾಮಿಗೆ 10 ಮಿಲಿಗ್ರಾಮನ್ನೂ ಆರೋಗ್ಯದ ಗಡಿಯಾಗಿ 20 ಮಿಲಿಗ್ರಾಮನ್ನೂ ನಿಗದಿಪಡಿಸಿದೆ. ಇದನ್ನು ಪ್ರಯೋಗಾಲಯವೇ ಅಳೆಯಬೇಕು.

ಅದೇ ಸಂಸ್ಥೆಯ ಸಾರ್ಡೀನ್ ಮಾನಕದಲ್ಲಿ ಯುರೋಪಿನ ಜಾತಿಯ ಜೊತೆಗೆ ನಮ್ಮ ಕರಾವಳಿಯ ತಾರ್ಲಿಗೂ ಸ್ಥಾನವಿದೆ. ಮುಂಗಾರಿನಲ್ಲಿ ಮೊಟ್ಟೆಯಿಟ್ಟು ಬಡಕಲಾದ ಮೀನು ಮಳೆಗಾಲ ಮುಗಿದ ತಿಂಗಳುಗಳಲ್ಲಿ ಮತ್ತೆ ಕೊಬ್ಬುವುದರಿಂದ, ಮೀನು ಹಿಡಿದ ತಿಂಗಳನ್ನು ಡಬ್ಬಿಯ ಮೇಲೆ ನಮೂದಿಸಿದರೆ ಕೊಳ್ಳುವವರಿಗೆ ಅದು ಬೆಲೆಗಿಂತ ಉಪಯುಕ್ತ ಮಾಹಿತಿ. ಕರಾವಳಿಯ ತಾರ್ಲಿಯಲ್ಲಿ ಬಹಳಷ್ಟು ಮೀನುಹಿಟ್ಟು, ಮೀನೆಣ್ಣೆಯ ಕಾರ್ಖಾನೆಗಳಿಗೆ ಹೋಗುತ್ತಿರುವಾಗ, ಅದರ ಒಂದು ಪಾಲಾದರೂ ಒಳ್ಳೆಯ ಡಬ್ಬಿಯಾಗಿ ಘಟ್ಟದ ಮೇಲಿನ ಊಟದ ತಟ್ಟೆಗೆ ಬರಬೇಕು.