ಹೊಲದ ನೀರಿನಲ್ಲಿ ಬೆರೆತ ಕಳೆನಾಶಕಗಳೂ ಸಣ್ಣ ಜಲಚರಗಳೂ

ಎರಡನೆಯ ಮಹಾಯುದ್ಧದ ಅನಂತರದ ಕೃಷಿಯ ಇತಿಹಾಸವನ್ನು ಬರೆಯುವವರು ಟ್ರ್ಯಾಕ್ಟರು, ಗೊಬ್ಬರ, ಇಳುವರಿ ಇವುಗಳನ್ನು ಕುರಿತು ವಿಸ್ತಾರವಾಗಿ ಹೇಳುವುದುಂಟು. ಹೊಲದಂಚಿನ ತೊರೆಯಲ್ಲಿ ನಡೆದುದನ್ನು ಪ್ರಾಣಿಶಾಸ್ತ್ರಜ್ಞರಿಗೆ ಬಿಟ್ಟುಬಿಡುವರು. ಇದನ್ನು ಬರೆಯುತ್ತಿರುವವನೂ ಬಹುಕಾಲ ಹಾಗೆಯೇ ಮಾಡಿದವನು. ಆದರೆ ಕಳೆನಾಶಕಗಳ ಚರಿತ್ರೆಯಲ್ಲಿ ಸಾಕ್ಷ್ಯವನ್ನು ತೂಗಿ ನೋಡುವ ಪ್ರಶ್ನೆಯೊಂದಿದೆ. ಅದು ನಮಗೂ ಸಂಬಂಧಿಸಿದ್ದು.

ಅಮೆರಿಕದ ಮಧ್ಯಪಶ್ಚಿಮ ಸಂಸ್ಥಾನಗಳ ಮುಸುಕಿನ ಜೋಳದ ಹೊಲಗಳಲ್ಲಿ ಅಟ್ರಜಿನ್ ಎಂಬ ಕಳೆನಾಶಕವು 1950ರ ದಶಕದ ಕೊನೆಯಲ್ಲಿ ಬಳಕೆಗೆ ಬಂದಿತು. ಇದು ಸಸ್ಯಗಳ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ. ಪ್ರಾಣಿಗಳಲ್ಲಿ ಅಂಥ ಕ್ರಿಯೆಯೇ ಇಲ್ಲವಾದುದರಿಂದ ಅವಕ್ಕೆ ಬಾಧೆಯಿಲ್ಲವೆಂಬ ಊಹೆ ಸಹಜವಾಗಿತ್ತು. ಬಿತ್ತನೆಯ ಕಾಲದಲ್ಲಿ ಸಿಂಪಡಿಸಿದ ಈ ಮದ್ದು ವಸಂತದ ಮಳೆಗಳೊಡನೆ ತೊರೆಗಳಿಗೆ ಇಳಿಯುವಾಗ ಮೆಟೊಲಾಕ್ಲೋರ್ ಮೊದಲಾದ ಇತರ ಕಳೆನಾಶಕಗಳೂ ಕೀಟನಾಶಕಗಳೂ ರಂಜಕದ ಗೊಬ್ಬರವೂ ಜೊತೆಗೂಡಿ ಬರುತ್ತವೆ.

ವಿಷಗುಣವನ್ನು ಅಳೆಯುವ ರೂಢಿಯ ಕ್ರಮವಾದರೋ ಬೇರೆ. ಡಾಫ್ನಿಯಾ ಎಂಬ ಅತಿ ಸಣ್ಣ ಜಲಪ್ರಾಣಿಯ ಮರಿಗಳನ್ನು ಒಂದೇ ಮದ್ದು ಬೆರೆಸಿದ ನೀರಿನಲ್ಲಿ 48 ಗಂಟೆ ಇರಿಸಿ, ಎಷ್ಟು ಮರಿಗಳು ಚಲನೆ ಕಳೆದುಕೊಂಡವೆಂದು ಎಣಿಸುತ್ತಾರೆ. ಒಂದೇ ಶಾಸನವನ್ನೋದಿ ಒಂದು ರಾಜವಂಶದ ಚರಿತ್ರೆಯನ್ನು ಬರೆದಂತೆ ಇದು.

ಕೆಸರಿನಲ್ಲಿ ಬಾಳುವ ಕಿರೊನಾಮಸ್ ಎಂಬ ಕೀಟದ ಮರಿಹುಳುಗಳನ್ನು ಮೈಕೆಲ್ ಲಿಡಿ ಮತ್ತು ಸಂಗಡಿಗರು 1990ರ ದಶಕದ ಉತ್ತರಾರ್ಧದಿಂದ ಪರೀಕ್ಷಿಸಿದರು. ಅಟ್ರಜಿನ್ ಒಂದೇ ಇದ್ದಾಗ ಹುಳುಗಳು ಸಾಯಲಿಲ್ಲ. ಕ್ಲೋರ್‌ಪೈರಿಫಾಸ್ ಎಂಬ ಕೀಟನಾಶಕದೊಡನೆ ಸೇರಿದಾಗ ಆ ಕೀಟನಾಶಕದ ವಿಷವೇ ಹೆಚ್ಚಿತು. ಹುಳುವಿನ ದೇಹದ ಕಿಣ್ವಗಳನ್ನು ಅಟ್ರಜಿನ್ ಪ್ರಚೋದಿಸುತ್ತದೆ, ಆ ಕಿಣ್ವಗಳು ಕೀಟನಾಶಕವನ್ನು ಇನ್ನೂ ತೀವ್ರವಾದ ವಿಷವಾಗಿ ಮಾರ್ಪಡಿಸುತ್ತವೆ.

ಜೇಸನ್ ರೋರ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸುತ್ತುದಾರಿಯದು. ಅಟ್ರಜಿನ್ನಿನಿಂದ ತೇಲುವ ಪಾಚಿ ಕಡಮೆಯಾಗಿ ನೀರು ತಿಳಿಯಾಗುತ್ತದೆ. ಬೆಳಕು ತಳಕ್ಕಿಳಿದು, ರಂಜಕದ ಪೋಷಣೆಯೂ ದೊರೆತು, ಅಂಟುಪಾಚಿ ಹುಲುಸಾಗುತ್ತದೆ. ಅದನ್ನು ಮೇಯುವ ಬಸವನಹುಳುಗಳು ಹೆಚ್ಚುತ್ತವೆ. ಚಪ್ಪಟೆಹುಳುವಿನ ಜಾತಿಯ ಪರೋಪಜೀವಿಗಳು ಮೊದಲು ಬೆಳೆಯುವುದು ಈ ಬಸವನಹುಳುಗಳಲ್ಲಿಯೇ. ಅಲ್ಲಿಂದ ಹೊರಟು ಅವು ಕಪ್ಪೆಗಳನ್ನು ಹೊಕ್ಕುತ್ತವೆ. ಕಪ್ಪೆಯ ರೋಗನಿರೋಧಶಕ್ತಿಯನ್ನೂ ಅಟ್ರಜಿನ್ ಕುಗ್ಗಿಸಿರುತ್ತದೆ. 48 ಗಂಟೆಯ ಎಣಿಕೆಗೆ ಇದೊಂದೂ ಸಿಕ್ಕುವಂಥದಲ್ಲ.

ಇದಕ್ಕೆ ಎರಡು ವರ್ಷ ಮೊದಲು, 2006ರಲ್ಲಿ, ಟೈರೋನ್ ಹೇಯ್ಸ್ ಮತ್ತು ಸಂಗಡಿಗರು ನೆಬ್ರಾಸ್ಕದ ಹೊಲಗಳಲ್ಲಿ ಬಳಸುವ ಒಂಬತ್ತು ಮದ್ದುಗಳನ್ನು, ನೂರು ಕೋಟಿ ಭಾಗಕ್ಕೆ ತಲಾ 0.1 ಭಾಗದಂತೆ, ಗೊದಮೊಟ್ಟೆಗಳ ಮೇಲೆ ಪರೀಕ್ಷಿಸಿದ್ದರು. ತಡವಾಗಿ ಕಪ್ಪೆಯಾಗುವ ಗೊದಮೊಟ್ಟೆ ಸಾಮಾನ್ಯವಾಗಿ ದೊಡ್ಡ ಕಪ್ಪೆಯೇ ಆಗುವುದು. ಮಿಶ್ರಣದಲ್ಲಿ ಬೆಳೆದವು ತಡವಾಗಿಯೂ ಸಣ್ಣವೇ ಆದುವು.

ಐರೋಪ್ಯ ಒಕ್ಕೂಟವು 2004ರಲ್ಲಿ ಅಟ್ರಜಿನ್ನಿಗೆ ಅನುಮತಿಯನ್ನು ನಿರಾಕರಿಸಿತು. ಅದಕ್ಕೆ ಕೊಟ್ಟ ಕಾರಣ ಅಂತರ್ಜಲದಲ್ಲಿ ಆ ಒಂದು ಮದ್ದಿನ ಪ್ರಮಾಣ.